ಬಿಲಾಲರ ಹೆಸರು ಬೇಕು, ಬಿಲಾಲರ ಬಣ್ಣ ಬೇಡವೇ?

(ಸೋಗಾನೆಯಲ್ಲಿ ನಡೆದ ಕುಟುಂಬ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವಿಂದು ಸೇರಿರುವ ಈ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಇಲ್ಲಿಗೆ ಬಂದಿಳಿಯಿತು. ಈ ಸುತ್ತಿನ ಹೆಣ್ಣುಮಕ್ಕಳು ತಲೆಯೆತ್ತಿ ವಿಮಾನ ನೋಡುವಾಗ, ಅದರಲ್ಲಿ ತಾವೂ ಒಂದು ಉದ್ಯೋಗ ಮಾಡಬೇಕೆಂದು ಆಶಿಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಇಪ್ಪತ್ತು ವರ್ಷಗಳಿಗೂ ಹಿಂದೆ ನಮ್ಮ ದೂರದರ್ಶನದ ಪರದೆಯ ಮೇಲೆ ಇಂಥದೇ ಒಬ್ಬ ಹುಡುಗಿಯ ಕತೆಯೊಂದು ಜಾಹೀರಾತಾಗಿ ಬರುತ್ತಿತ್ತು. ಬಡ ಮನೆ. ತಂದೆಗೆ ಗಂಡು ಮಕ್ಕಳಿಲ್ಲ. ತನಗೊಬ್ಬ ಮಗನಿದ್ದಿದ್ದರೆ ಎಂದು ಆತ ನಿಟ್ಟುಸಿರು ಬಿಡುತ್ತಾನೆ. ಮಗಳ ಮೈಬಣ್ಣ ಕಪ್ಪು. ಆಕೆ ಒಂದು ಕ್ರೀಮು ಹಚ್ಚಿಕೊಳ್ಳುತ್ತಾಳೆ, ಬೆಳ್ಳಗಾಗುತ್ತಾಳೆ, ವಿಮಾನ ಪರಿಚಾರಕಿಯಾಗುತ್ತಾಳೆ, ತಂದೆಯ ಮುಖ ಅರಳುತ್ತದೆ. ಅಲ್ಲಿಗೆ ಜಾಹೀರಾತು ಮುಗಿಯುತ್ತದೆ.

ಒಂದೇ ನಿಮಿಷದೊಳಗೆ ಅದು ಹೇಳುತ್ತಿದ್ದುದು ಎರಡು ಮಾತು. ಹೆಣ್ಣಾಗಿ ಹುಟ್ಟಿದ್ದು ಒಂದು ಕೊರತೆ, ಕಪ್ಪಾಗಿ ಹುಟ್ಟಿದ್ದು ಇನ್ನೊಂದು ಕೊರತೆ. ಮೊದಲನೆಯ ಕೊರತೆಗೆ ಔಷಧವಿಲ್ಲ, ಎರಡನೆಯದಕ್ಕೆ ಟ್ಯೂಬಿನಲ್ಲಿ ಔಷಧವಿದೆ! ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದರ ವಿರುದ್ಧ ಕಂಪೆನಿಗೂ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಟ್ಟಿತು. ಕೊನೆಗೆ 2003ರಲ್ಲಿ ಕೇಂದ್ರ ಸರಕಾರ ಆಕ್ಷೇಪವೆತ್ತಿತು, ಜಾಹೀರಾತು ಪರದೆಯಿಂದ ಮರೆಯಾಯಿತು. ಹೋರಾಡಿದವರು ಎಡಪಂಥೀಯ ಮಹಿಳೆಯರು. ನಮ್ಮ ಮಿಂಬರ್‌ಗಳಿಂದ ಅಂದು ಒಂದು ಮಾತು ಬಂದಿದ್ದರೆ ಅದು ಎಷ್ಟು ಶೋಭಿಸುತ್ತಿತ್ತು ಎಂದು ನಮಗೆ ಅನಿಸುವುದುಂಟು. ಏಕೆಂದರೆ ಹೆಣ್ಣು ಹುಟ್ಟಿತೆಂದು ಮುಖ ಕಪ್ಪಿಡುವ ತಂದೆಯ ಚಿತ್ರವನ್ನು ಪವಿತ್ರ ಕುರ್‌ಆನ್ ಸೂರಃ ಅನ್ನಹ್ಲ್‌ನಲ್ಲಿ ಕಟುವಾಗಿ ಖಂಡಿಸಿದೆ. ಆ ಜಾಹೀರಾತಿನ ತಂದೆ ಆ ಅರಬನ ವಂಶದವನೇ.

ಆ ಕ್ರೀಮಿನ ಹೆಸರು ನಿಮಗೆಲ್ಲ ಗೊತ್ತಿದೆ. ಫೇರ್ ಆಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಮೂರು ತಲೆಮಾರುಗಳ ಹೆಣ್ಣುಮಕ್ಕಳು ಅದನ್ನು ಹಚ್ಚಿಕೊಂಡರು. ಹೆಣ್ಣುಮಕ್ಕಳ ಭಯ ಸಾಲದೆಂದು 2005ರಲ್ಲಿ ಇನ್ನೊಂದು ಕಂಪೆನಿ ಗಂಡಸರಿಗಾಗಿಯೇ ಫೇರ್ ಆಂಡ್ ಹ್ಯಾಂಡ್‌ಸಮ್ ತಂದಿತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಪೊಲೀಸನೊಬ್ಬನ ಮಂಡಿಯಡಿ ಉಸಿರುಗಟ್ಟಿ ಸತ್ತಾಗ ಜಗತ್ತಿನೆಲ್ಲೆಡೆ ಜನ ಬೀದಿಗಿಳಿದರು. ಆ ಬಿಸಿಗೆ ಮುಂಬಯಿಯ ಕಂಪೆನಿಯೂ ಬೆದರಿತು. ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದು ಸೇರಿಸಿತು. ಬಿಳುಪು ಹೋಗಿ ಹೊಳಪು ಬಂತು. ಆದರೆ ಅಂಗಡಿಯಲ್ಲಿ ಕೊಳ್ಳುವವರಿಗೆ ಅದೇ ಟ್ಯೂಬು, ಅದೇ ಆಸೆ.

ಕಾನೂನು ಏನು ಮಾಡುತ್ತಿದೆ ಎಂದು ನೀವು ಕೇಳಬಹುದು. ಜಾಹೀರಾತುದಾರರೇ ಕಟ್ಟಿಕೊಂಡಿರುವ ಮಾನದಂಡ ಮಂಡಳಿಯು 2014ರಲ್ಲಿ ನಿಯಮವೊಂದನ್ನು ರೂಪಿಸಿತು. ಕಪ್ಪು ಬಣ್ಣದವರನ್ನು ದುಃಖಿಗಳೆಂದೂ, ಮದುವೆಗೂ ಉದ್ಯೋಗಕ್ಕೂ ಒದಗದವರೆಂದೂ ತೋರಿಸಕೂಡದು ಎಂಬುದು ಅದರ ಸಾರ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ, 1954ರ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಗೆ ತಿದ್ದುಪಡಿಯ ಕರಡು ಪ್ರಕಟಿಸಿ, ಚರ್ಮ ಬೆಳ್ಳಗಾಗಿಸುವ ಭರವಸೆಯನ್ನೂ ನಿಷೇಧಿತ ಪಟ್ಟಿಯಲ್ಲಿ ಸೇರಿಸಿತು. ಅಪರಾಧ ಮರುಕಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ, 50 ಲಕ್ಷ ರೂಪಾಯಿಯವರೆಗೆ ದಂಡ ಎಂದೂ ಬರೆಯಿತು. ಕರಡು ಕರಡಾಗಿಯೇ ವರ್ಷಗಳನ್ನು ಕಳೆಯಿತು. 79 ರೂಪಾಯಿ ಕೊಟ್ಟು ಗಂಡಸರ ಕ್ರೀಮು ಕೊಂಡು ಬೆಳ್ಳಗಾಗದ ದೆಹಲಿಯ ಗ್ರಾಹಕರೊಬ್ಬರು 2013ರಲ್ಲಿ ದೂರು ಕೊಟ್ಟರು. ಅಲ್ಲಿನ ಜಿಲ್ಲಾ ಗ್ರಾಹಕರ ಆಯೋಗ ಕಂಪೆನಿಗೆ ಹದಿನಾಲ್ಕೂವರೆ ಲಕ್ಷ ರೂಪಾಯಿ ತೆರುವಂತೆ ಆದೇಶಿಸಿದ್ದು 2024ರ ಡಿಸೆಂಬರಿನಲ್ಲಿ. ಬಳಸಬೇಕಾದ ರೀತಿಯಲ್ಲಿ ಆತ ಬಳಸಲಿಲ್ಲ ಎಂಬುದು ಕಂಪೆನಿಯ ವಾದವಾಗಿತ್ತಂತೆ.

ನಮ್ಮ ಕರ್ನಾಟಕಕ್ಕೆ ಬರೋಣ. 1991ರಲ್ಲಿ ಮಾರುಕಟ್ಟೆಯ ಬಾಗಿಲು ತೆರೆಯಿತು. 1994ರಲ್ಲಿ ಭಾರತದ ಇಬ್ಬರು ಯುವತಿಯರು ಒಂದೇ ವರ್ಷದಲ್ಲಿ ವಿಶ್ವಸುಂದರಿ, ಭುವನಸುಂದರಿಯರಾದರು. ನಮ್ಮ ಹೆಣ್ಣುಗಳು ಇದ್ದಕ್ಕಿದ್ದಂತೆ ಸುಂದರಿಯರಾದರೋ, ಪ್ರಸಾಧನ ಸಾಮಗ್ರಿಗಳ ಕಂಪೆನಿಗಳಿಗೆ ನಮ್ಮ ದೇಶ ಇದ್ದಕ್ಕಿದ್ದಂತೆ ಸುಂದರವಾಗಿ ಕಂಡಿತೋ ಹೇಳುವುದು ಕಷ್ಟ. 1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆಯೇ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂತು. ನಮ್ಮ ನೆರೆಯ ಚನ್ನಗಿರಿಯಿಂದ ಆರಿಸಿ ಬಂದಿದ್ದ ಜೆ.ಎಚ್. ಪಟೇಲರು ಆಗ ಮುಖ್ಯಮಂತ್ರಿ. ರೈತ ಸಂಘದ ಪ್ರೊ. ನಂಜುಂಡಸ್ವಾಮಿಯವರಿಂದ ಹಿಡಿದು ಮಹಿಳಾ ಸಂಘಟನೆಗಳವರೆಗೆ ಅನೇಕರು ವಿರೋಧಿಸಿದರು. ಈಜುಡುಗೆಯ ಸುತ್ತನ್ನು ಸಂಘಟಕರು ಸೇಶೆಲ್ಸ್ ದ್ವೀಪಕ್ಕೆ ಒಯ್ಯಬೇಕಾಯಿತು. ಅಂದಿನ ವಿರೋಧದಲ್ಲಿ ನಗ್ನತೆಯ ಮಾತಿತ್ತು, ಸಂಸ್ಕೃತಿಯ ಮಾತಿತ್ತು, ಬಹುರಾಷ್ಟ್ರೀಯ ಕಂಪೆನಿಗಳ ಮಾತಿತ್ತು. ಬಣ್ಣದ ಪ್ರಶ್ನೆ ಮಾತ್ರ ಮುನ್ನೆಲೆಗೆ ಬರಲಿಲ್ಲ.

2025ರ ಮೇ ತಿಂಗಳಲ್ಲಿಯೂ ಹೀಗೆಯೇ ಆಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ನಂಟು ನಮ್ಮ ಊರಿಗೂ ಇದೆ. 1944ರಲ್ಲಿ ಶಿವಮೊಗ್ಗದಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಗಿತ್ತು. ಆ ಸರಕಾರಿ ಸಾಬೂನಿಗೆ ಮುಂಬಯಿಯ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಅವಧಿಗೆ 6.20 ಕೋಟಿ ರೂಪಾಯಿ ಸಂಭಾವನೆಗೆ ರಾಯಭಾರಿಯಾಗಿ ಆರಿಸಲಾಯಿತು. ಕನ್ನಡತಿ ಏಕಲ್ಲ ಎಂಬ ಕೂಗೆದ್ದಿತು. ಉತ್ತರ ಭಾರತದ ಮಾರುಕಟ್ಟೆಯೂ ಬೇಕಲ್ಲ ಎಂದು ಸಚಿವರು ಸಮರ್ಥಿಸಿಕೊಂಡರು. ನಟಿಯ ಮೇಲೆ ನಮ್ಮ ದೂರೇನಿಲ್ಲ, ಅಲ್ಲಾಹನು ಆಕೆಗೆ ಕೊಟ್ಟ ಬಣ್ಣ ಆಕೆಯದು. ಆದರೆ ಜನರ ತೆರಿಗೆಯಿಂದ ನಡೆಯುವ ಸರಕಾರವೊಂದು ತನ್ನ ಸಾಬೂನಿನ ಮುಖವನ್ನು ಆರಿಸುವಾಗ, ಈ ನಾಡಿನ ಕೋಟ್ಯಂತರ ಹೆಣ್ಣುಮಕ್ಕಳ ಬಣ್ಣದ ಮುಖವೊಂದು ಅದಕ್ಕೆ ಒದಗಬಹುದೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಇಲ್ಲಿಯವರೆಗೆ ನಾವು ಕಂಪೆನಿಯನ್ನು ದೂಷಿಸಿದೆವು, ಸರಕಾರವನ್ನು ದೂಷಿಸಿದೆವು. ಇದು ಸುಲಭ. ಇನ್ನು ನಮ್ಮ ಮನೆಯ ಬಾಗಿಲಿಗೆ ಬರೋಣ, ಏಕೆಂದರೆ ಕಂಪೆನಿ ಭಯವನ್ನು ಸೃಷ್ಟಿಸುವುದಿಲ್ಲ. ಮನೆಯಲ್ಲಿ ಮೊದಲೇ ಇರುವ ಭಯಕ್ಕೆ ಅದು ಬೆಲೆಪಟ್ಟಿ ಅಂಟಿಸುತ್ತದೆ, ಅಷ್ಟೆ.

ರಿಶ್ತಾ ನೋಡಲು ಹೊರಟ ನಮ್ಮ ಮನೆಗಳ ಹಿರಿಯ ಹೆಂಗಸರ ಮೊದಲ ಪ್ರಶ್ನೆ ಯಾವುದು? ಹುಡುಗಿ ನಮಾಝಿನವಳೇ, ಓದಿದವಳೇ, ಮೃದು ಮಾತಿನವಳೇ ಎಂದೇ? ಅಲ್ಲ. ಲಡ್ಕೀ ಗೋರೀ ಹೈ ಕ್ಯಾ? ಹುಡುಗಿ ಬೆಳ್ಳಗಿದ್ದಾಳೆಯೇ? ‘ಸಾವ್ಲಿ’ ಎಂಬ ಉತ್ತರ ಬಂದರೆ ಅಲ್ಲಿ ಒಂದು ಮೌನ. ಮಗಳು ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಮಗುವಿನ ಕಿವಿಯ ಬಣ್ಣ ನೋಡಿ ಮುಂದೆ ಎಂಥ ಬಣ್ಣ ಬಂದೀತೆಂದು ಲೆಕ್ಕ ಹಾಕುವ ಅಜ್ಜಿಯರಿದ್ದಾರೆ. ಪತ್ರಿಕೆಗಳ ವೈವಾಹಿಕ ಅಂಕಣಗಳಲ್ಲಿ ‘ದೀನ್‌ದಾರ್’ ಮತ್ತು ‘ಬೆಳ್ಳಗಿನ’ ಎಂಬ ಎರಡು ಪದಗಳು ಭುಜಕ್ಕೆ ಭುಜ ತಾಗಿಸಿ ಒಂದೇ ಸಫ್‌ನಲ್ಲಿ ನಿಂತಿರುತ್ತವೆ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಇನ್ನೊಂದು ವಿಚಿತ್ರವಿದೆ. ಕಾಣೆಯಾದವರ ಬಗ್ಗೆ ಪೊಲೀಸರು ಕೊಡುವ ಪ್ರಕಟಣೆಯನ್ನು ಓದಿರಿ: ಎಣ್ಣೆಗೆಂಪು ಬಣ್ಣ, ಗೋಧಿ ಬಣ್ಣ, ಕಪ್ಪು ಬಣ್ಣ. ಮದುವೆಯ ಅಂಕಣದಲ್ಲಾದರೋ ಎಲ್ಲರೂ ಬೆಳ್ಳಗೆ! ಕಳೆದುಹೋದಾಗ ಮಾತ್ರ ನಮ್ಮ ಮಕ್ಕಳಿಗೆ ಅವರ ನಿಜವಾದ ಬಣ್ಣ ಮರಳಿ ಸಿಗುತ್ತದೆ.

2020ರ ಜೂನ್‌ನಲ್ಲಿ ದೇಶದ ದೊಡ್ಡ ವೈವಾಹಿಕ ಜಾಲತಾಣವೊಂದು ಮೈಬಣ್ಣದ ಆಧಾರದಲ್ಲಿ ಹುಡುಗಿಯರನ್ನು ಸೋಸುವ ಸೌಲಭ್ಯವನ್ನು ಆಕ್ಷೇಪಕ್ಕೆ ಮಣಿದು ತೆಗೆದುಹಾಕಿತು. ನಮ್ಮ ಮನೆಯ ಹಜಾರದಲ್ಲಿರುವ ಜರಡಿಯನ್ನು ತೆಗೆಯುವವರು ಯಾರು?

ಬಣ್ಣದ ಈ ಮಾತು ಬರಿಯ ಮಾತಾಗಿ ಉಳಿದಿದ್ದರೆ ನಾವು ಇಷ್ಟು ಹೊತ್ತು ನಿಮ್ಮನ್ನು ಕೂರಿಸುತ್ತಿರಲಿಲ್ಲ. ಅದು ಹಣವಾಗುತ್ತದೆ. ನಮ್ಮಲ್ಲಿ ‘ಜೋಡೇ ಕೀ ರಕಮ್’ ಎಂಬ ಪಿಡುಗೊಂದಿದೆ. ವರದಕ್ಷಿಣೆ ಎಂದರೆ ನಾಚಿಕೆಯಾಗುತ್ತದೆಂದು ಅದಕ್ಕೆ ನಾವೇ ಹೊಲಿಸಿದ ಬುರ್ಖಾ ಅದು. ಹುಡುಗಿ ಒಂದು ಛಾಯೆ ಕಪ್ಪಾದರೆ ರಕಮ್ ಒಂದು ಮೆಟ್ಟಿಲು ಏರುತ್ತದೆ. ಜೊತೆಗೆ ಬೈಕು ಬರುತ್ತದೆ, ಚಿನ್ನದ ತೂಕ ಹೆಚ್ಚುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ತರಕಾರಿ ಗಾಡಿ ತಳ್ಳುವ ತಂದೆ, ಗ್ಯಾರೇಜಿನಲ್ಲಿ ದುಡಿಯುವ ಅಣ್ಣ, ಮಗಳ ಚರ್ಮದಲ್ಲಿರುವ ಒಂದಿಷ್ಟು ವರ್ಣದ್ರವ್ಯಕ್ಕಾಗಿ ಬಡ್ಡಿಗೆ ಸಾಲ ಮಾಡುತ್ತಾರೆ. ಮಹರ್ ಕೊಡಬೇಕಾದವನು ಗಂಡು ಎಂಬ ದೀನಿನಲ್ಲಿ, ತನ್ನ ಬಣ್ಣಕ್ಕೆ ದಂಡ ತೆರುವವಳು ಹೆಣ್ಣು. ಬಡ್ಡಿ ಹರಾಮ್ ಎಂದು ತಿಳಿದ ಜನರು ಬಣ್ಣದ ಕಾರಣಕ್ಕೆ ಬಡ್ಡಿಯ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ಗಂಡಿನ ಬಣ್ಣವನ್ನು ಯಾರೂ ಕೇಳುವುದಿಲ್ಲ, ಗಮನಿಸಿರಿ. ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆ ಹೊತ್ತಿಕೊಂಡಂದಿನಿಂದ ಅದರ ಮುಂದೆ ನಿಂತು ಮುಖ ಸುಟ್ಟುಕೊಂಡು ದುಡಿದ ಗಂಡಸರನ್ನು ನಾವು ಗೌರವದಿಂದಲೇ ಕಂಡೆವು. ಅವರ ಬಣ್ಣ ದುಡಿಮೆಯ ಗುರುತಾಯಿತು. ಅದೇ ಬಣ್ಣ ಅವರ ಮಗಳಿಗೆ ಬಂದರೆ ಮನೆಯವರೆಲ್ಲ ಕಡಲೆ ಹಿಟ್ಟು, ಅರಸಿನ ಹಿಡಿದು ಆಕೆಯ ಹಿಂದೆ ಬೀಳುತ್ತಾರೆ.

ಈಗ ದೀನ್ ಏನು ಹೇಳುತ್ತದೆ ಎಂದು ನೋಡೋಣ. ಹಝ್ರತ್ ಬಿಲಾಲ್(ರ)ರ ಕತೆ ಹೇಳದ ಭಾಷಣವಿಲ್ಲ. ಮಕ್ಕಳಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ, ಮಸೀದಿಗಳಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ. ಆದರೆ ಬಿಲಾಲರ ಬಣ್ಣದ ಸೊಸೆ ಬೇಡ. ಆದ್ದರಿಂದ ಇಂದು ಬಿಲಾಲರನ್ನು ಬಿಟ್ಟು, ನಾವು ಅಷ್ಟಾಗಿ ಹೇಳದ ಮೂರು ಘಟನೆಗಳನ್ನು ನಿಮ್ಮ ಮುಂದಿಡುತ್ತೇವೆ.

ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ವರದಿಯಾಗಿರುವಂತೆ, ಮರುಭೂಮಿಯ ಒಬ್ಬ ವ್ಯಕ್ತಿ ಪ್ರವಾದಿ(ಸ)ರ ಬಳಿಗೆ ಬಂದು, ತನ್ನ ಹೆಂಡತಿ ಕಪ್ಪು ಮಗುವನ್ನು ಹೆತ್ತಿದ್ದಾಳೆಂದು ದೂರಿಕೊಂಡನು. ಆ ದೂರಿನೊಳಗೆ ಹೆಂಡತಿಯ ಮೇಲಿನ ಸಂಶಯವೂ ಅಡಗಿತ್ತು. ಪ್ರವಾದಿ(ಸ) ಗದರಲಿಲ್ಲ. ನಿನ್ನಲ್ಲಿ ಒಂಟೆಗಳಿವೆಯೇ ಎಂದು ಕೇಳಿದರು. ಇವೆ ಎಂದನು. ಬಣ್ಣ ಯಾವುದೆಂದು ಕೇಳಿದರು. ಕೆಂಪು ಎಂದನು. ಅವುಗಳ ನಡುವೆ ಬೂದು ಬಣ್ಣದ್ದೂ ಇದೆಯೇ ಎಂದರು. ಇದೆ ಎಂದನು. ಅದೆಲ್ಲಿಂದ ಬಂತು ಎಂದಾಗ, ಹಿಂದಿನ ಯಾವುದೋ ತಲೆಮಾರಿನ ಎಳೆ ಅದನ್ನು ಸೆಳೆದಿರಬೇಕು ಎಂದು ಅವನೇ ಉತ್ತರಿಸಿದನು. ನಿನ್ನ ಮಗುವಿನದೂ ಹಾಗೆಯೇ ಇದ್ದೀತು ಎಂದು ಪ್ರವಾದಿ(ಸ) ಮಾತು ಮುಗಿಸಿದರು. ಮದ್ರಸಾದಲ್ಲಿ ಈ ಹದೀಸನ್ನು ಓದುವಾಗ ಅದರಿಂದ ಹೊರಡುವ ಫಿಕ್ಹ್‌ನ ವಿಧಿಗಳ ಮೇಲೆ ನಮ್ಮ ಗಮನವಿರುತ್ತದೆ, ಇರಬೇಕಾದುದೇ. ಆದರೆ ಒಬ್ಬ ತಾಯಿಯ ಮಾನವನ್ನೂ ಒಂದು ಮಗುವಿನ ಸ್ಥಾನವನ್ನೂ ನಾಲ್ಕು ಪ್ರಶ್ನೆಗಳಲ್ಲಿ ಉಳಿಸಿದ ರೀತಿಯನ್ನೂ ನೋಡಿರಿ. ಅವನ ಮನೆಯ ಕೊಟ್ಟಿಗೆಯಲ್ಲಿಯೇ ಅವನಿಗೆ ಉತ್ತರ ದೊರೆಯಿತು.

ಎರಡನೆಯದು ಉಸಾಮಾ ಬಿನ್ ಝೈದ್(ರ)ರದು. ತಂದೆ ಝೈದ್(ರ) ಬೆಳ್ಳಗಿನವರು. ತಾಯಿ ಅಬಿಸೀನಿಯಾದ ಉಮ್ಮು ಐಮನ್(ರ), ಪ್ರವಾದಿ(ಸ)ರನ್ನು ಎತ್ತಿ ಆಡಿಸಿದವರು. ಮಗ ಕಪ್ಪು. ಜನ ಪಿಸುಗುಟ್ಟಿದರು. ಒಂದು ದಿನ ತಂದೆ ಮಗ ಹೊದ್ದು ಮಲಗಿದ್ದರು, ಪಾದಗಳು ಮಾತ್ರ ಹೊರಗಿದ್ದವು. ದೇಹಲಕ್ಷಣ ನೋಡಿ ವಂಶ ಹೇಳುವುದರಲ್ಲಿ ಹೆಸರಾಗಿದ್ದ ಒಬ್ಬನು ಆ ಪಾದಗಳನ್ನು ಕಂಡು, ಇವು ಒಂದರಿಂದ ಇನ್ನೊಂದು ಹುಟ್ಟಿದವು ಎಂಬರ್ಥದ ಮಾತು ಹೇಳಿದನು. ಪ್ರವಾದಿ(ಸ) ಹರ್ಷದಿಂದ ಮುಖವರಳಿಸಿಕೊಂಡು ಈ ಸುದ್ದಿಯನ್ನು ಹಝ್ರತ್ ಆಯಿಶಾ(ರ)ರಿಗೆ ತಿಳಿಸಿದರು. ಬಣ್ಣದ ಕಾರಣಕ್ಕೆ ಒಂದು ಮಗು ಕೇಳಬೇಕಾದ ಪಿಸುಮಾತು ಅವರನ್ನು ಎಷ್ಟು ನೋಯಿಸಿತ್ತು ಎಂಬುದು ಆ ಹರ್ಷದಿಂದಲೇ ತಿಳಿಯುತ್ತದೆ.

ಮೂರನೆಯದು ಮದುವೆಯದು. ಕುರೈಶ್ ವಂಶದ ಫಾತಿಮಾ ಬಿಂತ್ ಕೈಸ್(ರ)ರಿಗೆ ಮುಆವಿಯಾ(ರ) ಮತ್ತು ಅಬೂ ಜಹ್ಮ್(ರ)ರ ಕಡೆಯಿಂದ ಸಂಬಂಧಗಳು ಬಂದವು. ಆಕೆ ಸಲಹೆ ಕೇಳಿದಾಗ ಪ್ರವಾದಿ(ಸ) ಉಸಾಮರನ್ನು ಮದುವೆಯಾಗಲು ಹೇಳಿದರು. ಆಕೆಗೆ ಇಷ್ಟವಾಗಲಿಲ್ಲ. ಕಾರಣವನ್ನು ಆಕೆ ಹೇಳಲಿಲ್ಲ. ಉಸಾಮರು ಬಿಡುಗಡೆಗೊಂಡ ಗುಲಾಮನ ಮಗ, ಬಹಳ ಕಪ್ಪು ಎಂಬುದನ್ನು ಇಮಾಮ್ ನವವಿಯವರು ತಮ್ಮ ವ್ಯಾಖ್ಯಾನದಲ್ಲಿ ನೆನಪಿಸುತ್ತಾರೆ. ಪ್ರವಾದಿ(ಸ) ಅದೇ ಸಲಹೆಯನ್ನು ಮತ್ತೆ ಕೊಟ್ಟರು. ಆಕೆ ಒಪ್ಪಿದರು. ಆ ದಾಂಪತ್ಯದಲ್ಲಿ ಅಲ್ಲಾಹನು ಎಷ್ಟು ಒಳಿತನ್ನಿಟ್ಟನೆಂದರೆ ಇತರರು ತನ್ನನ್ನು ಕಂಡು ಅಸೂಯೆಪಡುವಂತಾಯಿತು ಎಂದು ಸ್ವತಃ ಆಕೆಯೇ ಮುಂದೆ ಹೇಳಿಕೊಂಡರು. ಮುಂದೆ ಇಪ್ಪತ್ತರ ಆಸುಪಾಸಿನ ಅದೇ ಉಸಾಮರನ್ನು ಪ್ರವಾದಿ(ಸ) ತಮ್ಮ ಕೊನೆಯ ದಿನಗಳಲ್ಲಿ ಸೇನೆಯ ದಂಡನಾಯಕರನ್ನಾಗಿ ನೇಮಿಸಿದರು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಬೇಕಿದೆ. ಅಂತ್ಯದಿನದಲ್ಲಿ ಕೆಲವರ ಮುಖ ಬೆಳಗುವುದು, ಕೆಲವರದು ಕಪ್ಪಿಡುವುದು ಎಂದು ಸೂರಃ ಆಲಿ ಇಮ್ರಾನ್‌ನಲ್ಲಿ ಬಂದಿರುವುದನ್ನು ಕೆಲವರು ಮೈಬಣ್ಣಕ್ಕೆ ಅನ್ವಯಿಸುತ್ತಾರೆ. ಅದು ಸಂತಸ ಮತ್ತು ಅವಮಾನಗಳ ಮಾತು. ನಮ್ಮ ಕನ್ನಡದಲ್ಲಿಯೂ ಮುಖ ಕಪ್ಪಿಟ್ಟಿತು ಎನ್ನುವುದಿಲ್ಲವೇ? ಬಿಳಿಯನ ಮುಖವೂ ಕಪ್ಪಿಡುತ್ತದೆ. ಇನ್ನು, ಸ್ವರ್ಗದ ಹೂರ್‌ಗಳನ್ನು ವರ್ಣಿಸುವಾಗ ನಮ್ಮ ಕೆಲವು ಉಪನ್ಯಾಸಕರು ಬಿಳುಪಿನ ಮೇಲೆ ಬಿಳುಪು ಬಳಿಯುತ್ತಾರೆ. ಆ ಪದದ ಮೂಲದಲ್ಲಿರುವುದು ಕಣ್ಣಿನ ವರ್ಣನೆ. ಬಿಳಿಯ ಭಾಗ ಅಚ್ಚ ಬಿಳುಪಾಗಿ, ಪಾಪೆ ಕಡುಕಪ್ಪಾಗಿರುವ ಕಣ್ಣು. ಕಪ್ಪಿಲ್ಲದೆ ಆ ಸೌಂದರ್ಯವೇ ಇಲ್ಲ. ಸೂರಃ ಅರ್‍ರೂಮ್‌ನಲ್ಲಿಯಂತೂ ಭಾಷೆಗಳ ಮತ್ತು ಬಣ್ಣಗಳ ವೈವಿಧ್ಯವನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಎಣಿಸಿದ್ದಾನೆ. ಕನ್ನಡಕ್ಕಾಗಿ, ಉರ್ದುವಿಗಾಗಿ ಹೋರಾಡುವ ನಾವು ಆ ವಚನದ ಅರ್ಧವನ್ನಷ್ಟೇ ಓದಿದಂತಿದೆ.

ನಮ್ಮ ಬಿಜಾಪುರವನ್ನೂ ಮರೆಯಬಾರದು. ಮುಹಮ್ಮದ್ ಆದಿಲ್ ಶಾಹನ ದರಬಾರಿನಲ್ಲಿ ಇಖ್ಲಾಸ್ ಖಾನ್ ಎಂಬ ಹಬ್ಶಿ ಮಂತ್ರಿ ಆಡಳಿತದ ಚುಕ್ಕಾಣಿ ಹಿಡಿದಿದ್ದನು. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ 17ನೇ ಶತಮಾನದ ಚಿತ್ರ ಇಂದಿಗೂ ಉಳಿದಿದೆ. ಚಿತ್ರಕಾರರು ಆತನ ಕಪ್ಪನ್ನು ಕಪ್ಪಾಗಿಯೇ ಬರೆದಿದ್ದಾರೆ, ತಿಳಿಗೊಳಿಸಲು ಹೋಗಿಲ್ಲ. ಅದೇ ಆಫ್ರಿಕಾ ಮೂಲದ ಸಿದ್ದಿ ಜನ ಹಳಿಯಾಳ, ಯಲ್ಲಾಪುರಗಳಲ್ಲಿದ್ದಾರೆ. ಅವರಲ್ಲಿ ನಮ್ಮ ದೀನೀ ಬಂಧುಗಳೂ ಇದ್ದಾರೆ. ಶಿವಮೊಗ್ಗದಿಂದ ಅಲ್ಲಿಗೆ ಎಷ್ಟು ರಿಶ್ತಾಗಳು ಹೋಗಿವೆ? ಈ ಪ್ರಶ್ನೆಗೆ ಉತ್ತರ ಬೇಡ, ಮನೆಗೆ ಹೋಗಿ ಯೋಚಿಸಿದರೆ ಸಾಕು.

ನಮ್ಮದೊಂದು ಬೇಡಿಕೆ ಜಮಾಅತ್ ಸಮಿತಿಗಳ ಮುಂದಿದೆ. ನೀವು ಇಟ್ಟುಕೊಂಡಿರುವ ವಧೂವರರ ಮಾಹಿತಿ ಪತ್ರದಿಂದ ಬಣ್ಣದ ಕಲಮನ್ನು ಹೊಡೆದುಹಾಕಿರಿ. ಜೋಡೇ ಕೀ ರಕಮ್ ಪಡೆದ ಮದುವೆಗೆ ಸಮಿತಿಯ ಹಿರಿಯರು ಸಾಕ್ಷಿಗಳಾಗಿ ಕೂರುವುದಿಲ್ಲ ಎಂದು ನಿರ್ಣಯಿಸಿರಿ. ಮೊದಲನೆಯದಕ್ಕೆ ಒಂದು ಲೇಖನಿ ಸಾಕು. ಎರಡನೆಯದಕ್ಕೆ ಧೈರ್ಯ ಬೇಕು, ನಮ್ಮ ಮನೆಗಳ ಮದುವೆಗಳಿಂದಲೇ ಅದು ಆರಂಭವಾಗಬೇಕು.

ಭಾಷಣಕ್ಕೆ ಮುನ್ನ ಕೆಲವು ಸಹೋದರಿಯರು ಚೀಟಿ ಬರೆದು, ಗಲ್ಫಿನಿಂದ ಬಂದವರು ತಂದುಕೊಡುವ, ಅಂಗಡಿಗಳಲ್ಲಿ ಗುಟ್ಟಾಗಿ ಸಿಗುವ ಬಿಳುಪಿನ ಕ್ರೀಮುಗಳನ್ನು ಬಳಸಬಹುದೇ ಎಂದು ಕೇಳಿದ್ದಾರೆ. ಇದಕ್ಕೆ ಸ್ಪಷ್ಟವಾಗಿ ಉತ್ತರಿಸುವುದು ನಮ್ಮ ಹೊಣೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ದ್ರವ್ಯ. ಅದು ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವ ಕೊಡೆ. ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ. ಅದು ಮೆಲನಿನ್ ಉತ್ಪತ್ತಿಯನ್ನು ತಡೆಯುತ್ತದೆ, ಆದ್ದರಿಂದಲೇ ಕೆಲವೇ ವಾರಗಳಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ಬಿಟ್ಟರೆ ಹಳೆಯ ಬಣ್ಣ ಮರಳುತ್ತದೆ, ಆದ್ದರಿಂದ ಬಿಡಲಾಗುವುದಿಲ್ಲ. ಪಾದರಸವಾದರೋ ಚರ್ಮದ ಮೂಲಕ ರಕ್ತಕ್ಕೆ ಇಳಿದು ಮೂತ್ರಪಿಂಡ ಸೇರುತ್ತದೆ. ಪಾಕಿಸ್ತಾನದ ಸರಕಾರವೇ 2019ರಲ್ಲಿ ತನ್ನ ದೇಶದ 59 ಬಿಳುಪಿನ ಕ್ರೀಮುಗಳನ್ನು ಪರೀಕ್ಷಿಸಿದಾಗ 56ರಲ್ಲಿ ಪಾದರಸ ಮಿತಿಮೀರಿತ್ತು. ಆ ಮಿತಿ ದಶಲಕ್ಷಕ್ಕೆ ಒಂದು ಭಾಗ ಮಾತ್ರ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಮಂದಿಯನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ಪ್ರಭೇದ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದರು. ಬಳಕೆ ನಿಲ್ಲಿಸಿದಾಗ ಹೆಚ್ಚಿನವರು ಚೇತರಿಸಿಕೊಂಡರು ಎಂಬುದು ಸಮಾಧಾನದ ಸಂಗತಿ.

ಔಷಧದಂಗಡಿಯಲ್ಲಿ ಸಿಗುವ ಸ್ಟಿರಾಯಿಡ್ ಮಿಶ್ರಿತ ಮುಲಾಮುಗಳದು ಇನ್ನೊಂದು ಕತೆ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ಮಾರಕೂಡದೆಂದು ಕೇಂದ್ರ ಸರಕಾರ 2018ರಲ್ಲಿ ಆದೇಶಿಸಿದೆ. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ, ಮೊಡವೆ ಏಳುತ್ತದೆ, ಮುಖದ ಮೇಲೆ ಕೂದಲು ಬೆಳೆಯುತ್ತದೆ. ಒಮ್ಮೆಲೇ ನಿಲ್ಲಿಸಿದರೂ ತೊಂದರೆಯುಂಟು, ವೈದ್ಯರನ್ನು ಕೇಳಿಯೇ ಬಿಡಬೇಕು.

ಆದ್ದರಿಂದ ಡಬ್ಬಿಯನ್ನು ತಿರುಗಿಸಿ ನೋಡಿರಿ. ತಯಾರಕರ ಪೂರ್ಣ ವಿಳಾಸ, ಪರವಾನಿಗೆಯ ಸಂಖ್ಯೆ, ವಿದೇಶದ್ದಾದರೆ ಆಮದು ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆ ಅದರ ಮೇಲಿರಬೇಕು. ಇಲ್ಲದಿದ್ದರೆ ಬಳಸಬೇಡಿರಿ, ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿರಿ. ಈಗಾಗಲೇ ಬಳಸುತ್ತಿರುವವರಿಗೆ ಕಾಲಿನಲ್ಲಿ, ಮುಖದಲ್ಲಿ ಬಾವು ಕಂಡರೆ, ಮೂತ್ರದಲ್ಲಿ ನೊರೆ ಹೆಚ್ಚಿದರೆ ತಡ ಮಾಡಬಾರದು. ನಮ್ಮ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಿರಿ. ಬಹಳ ಸರಳ ಪರೀಕ್ಷೆ ಅದು. ಕ್ರೀಮು ಬಳಸಿದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿರಿ, ಖಾಲಿ ಡಬ್ಬಿಯಾದರೂ ಸರಿ, ವೈದ್ಯರಿಗೆ ತೋರಿಸಲು ಜೊತೆಯಲ್ಲಿ ಒಯ್ಯಿರಿ.